ಡೆಲವೇರ್ ಎಲ್‌ಎಲ್‌ಸಿ, ಕೆಲಸ ಕ್ಯಾಲಿಫೋರ್ನಿಯಾದಲ್ಲಿ: ಯಾವ ರಾಜ್ಯಕ್ಕೆ ಏನು ಸಲ್ಲಿಸಬೇಕು?

ಶಶಿ_ಸನ್ನಿವೇಲ್

ನಮಸ್ಕಾರ. ನಾನು ಮತ್ತು ನನ್ನ ಹೆಂಡತಿ ಇಬ್ಬರೇ ಸದಸ್ಯರಾಗಿರುವ ಎಲ್‌ಎಲ್‌ಸಿ (ಸೀಮಿತ ಹೊಣೆಗಾರಿಕೆಯ ಕಂಪನಿ) ಒಂದಿದೆ. ಡೆಲವೇರ್‌ನಲ್ಲಿ ನೋಂದಣಿ ಆಗಿದ್ದು 2024ರ ನವೆಂಬರ್‌ನಲ್ಲಿ. ಡಿಸೆಂಬರ್‌ನಲ್ಲಿ ಇಐಎನ್ (ಕಂಪನಿಯ ಫೆಡರಲ್ ತೆರಿಗೆ ಸಂಖ್ಯೆ) ಬಂತು, ಬ್ಯಾಂಕ್ ಖಾತೆ ತೆರೆದೆವು. ಮೊದಲ ಕರಾರಿಗೆ ಸಹಿ ಬಿದ್ದಿದ್ದು 2025ರ ಜನವರಿ 6ಕ್ಕೆ. ಸಾಫ್ಟ್‌ವೇರ್ ಕನ್ಸಲ್ಟಿಂಗ್ ಕೆಲಸ, ಇಬ್ಬರೂ ಸನ್ನಿವೇಲ್‌ನ ಮನೆಯಿಂದಲೇ ಮಾಡುತ್ತೇವೆ, ನೌಕರರಿಲ್ಲ. ಈ ವರ್ಷ ಒಟ್ಟು 3.1 ಲಕ್ಷ ಡಾಲರ್ ಬಿಲ್ ಆಗುವ ಅಂದಾಜು: 1.8 ಲಕ್ಷ ಸ್ಯಾನ್ ಹೋಸೆಯ ಗ್ರಾಹಕರಿಂದ, 1.3 ಲಕ್ಷ ಟೆಕ್ಸಸ್‌ನ ಗ್ರಾಹಕರಿಂದ. ಆಗಸ್ಟ್‌ನಲ್ಲಿ ಆಸ್ಟಿನ್‌ಗೆ ಮನೆ ಬದಲಾಯಿಸುವ ಯೋಚನೆ ಇದೆ.

ಈಗ 2025ರ ಮಾರ್ಚ್ ಕೊನೆ. ಡೆಲವೇರ್‌ನಲ್ಲಿ ನಮ್ಮ ಪರವಾಗಿ ನೋಟಿಸ್ ಸ್ವೀಕರಿಸುವ ಏಜೆಂಟ್ ಕಂಪನಿ "ಡೆಲವೇರ್‌ನಲ್ಲಿ ವಾರ್ಷಿಕ ವರದಿ ಇಲ್ಲ" ಎನ್ನುತ್ತದೆ. ನಮ್ಮ ಸಿಪಿಎ (ಲೆಕ್ಕಪರಿಶೋಧಕರು) ಫೆಡರಲ್ ರಿಟರ್ನ್ ಮಾತ್ರ ನೋಡಿಕೊಳ್ಳುತ್ತಾರೆ. ಹಾಗಾದರೆ ಕ್ಯಾಲಿಫೋರ್ನಿಯಾಕ್ಕೆ ಬೇರೆ ನೋಂದಣಿ ಬೇಕೆ? ಅಲ್ಲಿನ ಎಲ್‌ಎಲ್‌ಸಿಗಳು ವರ್ಷವರ್ಷ ಕಟ್ಟುವ 800 ಡಾಲರ್ ತೆರಿಗೆ ಡೆಲವೇರ್ ಕಂಪನಿಗೂ ಬರುತ್ತದೆಯೇ? ಆಸ್ಟಿನ್‌ಗೆ ಹೋದ ಮೇಲೆ ಕ್ಯಾಲಿಫೋರ್ನಿಯಾದ ಬಾಧ್ಯತೆ ಮುಗಿಯುತ್ತದೆಯೇ? ಯಾವುದನ್ನು ಯಾವ ಕ್ರಮದಲ್ಲಿ, ಯಾವ ತಾರೀಖಿನೊಳಗೆ ಮಾಡಬೇಕು ಎಂದು ತಿಳಿದವರು ಹೇಳಿದರೆ ಉಪಕಾರ.

ಲೆಕ್ಕದ_ರಾಘು

ಶಶಿ ಅವರೇ, ಏಜೆಂಟ್ ಹೇಳಿದ್ದು ನಿಜ, ಆದರೆ ಅರ್ಧ. ಡೆಲವೇರ್‌ನಲ್ಲಿ ಎಲ್‌ಎಲ್‌ಸಿಗೆ ವಾರ್ಷಿಕ ವರದಿ ಇಲ್ಲ, ವಾರ್ಷಿಕ ತೆರಿಗೆ ಇದೆ. ವರ್ಷಕ್ಕೆ 300 ಡಾಲರ್, ಗಡುವು ಜೂನ್ 1, ಅದೂ ಹಿಂದಿನ ಕ್ಯಾಲೆಂಡರ್ ವರ್ಷದ್ದು. ನಿಮ್ಮ ಎಲ್‌ಎಲ್‌ಸಿ 2024ರಲ್ಲಿ ಇದ್ದದ್ದು ಎರಡೇ ತಿಂಗಳಾದರೂ 300 ಪೂರ್ತಿ ಕಟ್ಟಬೇಕು, ತಿಂಗಳ ಲೆಕ್ಕದಲ್ಲಿ ಕಡಿತ ಮಾಡುವ ಪದ್ಧತಿ ಇಲ್ಲ. ಜೂನ್ 1 ದಾಟಿದರೆ 200 ಡಾಲರ್ ದಂಡ ಬೀಳುತ್ತದೆ. ತೆರಿಗೆ, ದಂಡ ಎರಡೂ ಸೇರಿದ ಮೊತ್ತದ ಮೇಲೆ ತಿಂಗಳಿಗೆ ಶೇ. 1.5 ಬಡ್ಡಿ ಬೇರೆ. ಮೂರು ವರ್ಷ ಕಟ್ಟದೆ ಬಿಟ್ಟರೆ ರಾಜ್ಯವೇ ನೋಂದಣಿಯನ್ನು ರದ್ದು ಮಾಡುತ್ತದೆ.

ಬಹಳ ಜನ ಎಡವುವ ಜಾಗ ಇದು: ಏಜೆಂಟ್ ಕಂಪನಿ ಪ್ರತಿ ವರ್ಷ ತನ್ನ ಶುಲ್ಕಕ್ಕೆ ಬಿಲ್ ಕಳಿಸುತ್ತದೆ, ಅದನ್ನು ಕಟ್ಟಿದವರು ಡೆಲವೇರ್ ಬಾಕಿ ತೀರಿತು ಎಂದುಕೊಳ್ಳುತ್ತಾರೆ. ಏಜೆಂಟ್ ಶುಲ್ಕ ಅವರ ಸೇವೆಗೆ, 300 ಡಾಲರ್ ರಾಜ್ಯಕ್ಕೆ. ತೆರಿಗೆಯ ನೋಟಿಸನ್ನು ರಾಜ್ಯ ಏಜೆಂಟರಿಗೆ ಕಳಿಸುತ್ತದೆಯೇ ಹೊರತು ನಿಮ್ಮ ಮನೆಗಲ್ಲ. ಏಜೆಂಟ್ ಹತ್ತಿರ ಇರುವ ನಿಮ್ಮ ಇಮೇಲ್ ವಿಳಾಸ ಹಳೆಯದಾದರೆ ನೋಟಿಸ್ ಕೈಸೇರುವುದೇ ಇಲ್ಲ. ಡೆಲವೇರ್‌ನ ಕಂಪನಿ ನೋಂದಣಿ ಕಚೇರಿಯಾದ ಡಿವಿಷನ್ ಆಫ್ ಕಾರ್ಪೊರೇಷನ್ಸ್‌ನ ತಾಣದಲ್ಲಿ ನಿಮ್ಮ ಫೈಲ್ ನಂಬರ್ ಹಾಕಿ ನೀವೇ ಕಟ್ಟಬಹುದು.

ಇನ್ನು ಕ್ಯಾಲಿಫೋರ್ನಿಯಾ. ಹೌದು, ನೋಂದಣಿ ಬೇಕು, 800 ಕೂಡ ಬರುತ್ತದೆ. ಕಂಪನಿ ಎಲ್ಲಿ ಹುಟ್ಟಿತು ಎಂಬುದು ಇಲ್ಲಿ ಮುಖ್ಯವಲ್ಲ. ಇಬ್ಬರು ಸದಸ್ಯರೂ ಸನ್ನಿವೇಲ್‌ನಲ್ಲಿ ಕುಳಿತು ಕೆಲಸ ಮಾಡಿ, ಅಲ್ಲಿಂದಲೇ ಕಂಪನಿ ನಡೆಸುತ್ತಿದ್ದೀರಿ. ಅದು ರಾಜ್ಯದೊಳಗೆ ವ್ಯವಹಾರ ನಡೆಸಿದಂತೆಯೇ. ಗ್ರಾಹಕರೆಲ್ಲ ಟೆಕ್ಸಸ್‌ನವರೇ ಆಗಿದ್ದರೂ ಉತ್ತರ ಬದಲಾಗುತ್ತಿರಲಿಲ್ಲ.

ಕ್ರಮ ಹೀಗಿರಲಿ. ಮೊದಲು ಡೆಲವೇರ್‌ನಿಂದ ಗುಡ್ ಸ್ಟ್ಯಾಂಡಿಂಗ್ ಪ್ರಮಾಣಪತ್ರ (ನೋಂದಣಿ ಚಾಲ್ತಿಯಲ್ಲಿದೆ, ಬಾಕಿ ಇಲ್ಲ ಎಂಬ ಪತ್ರ) ತೆಗೆಸಿ, ರಾಜ್ಯದ ಶುಲ್ಕ 50 ಡಾಲರ್. ಅದನ್ನು ಲಗತ್ತಿಸಿ, ಕಂಪನಿಗಳ ನೋಂದಣಿ ನೋಡುವ ಕ್ಯಾಲಿಫೋರ್ನಿಯಾ ಸೆಕ್ರೆಟರಿ ಆಫ್ ಸ್ಟೇಟ್‌ನ ಬಿಜ್‌ಫೈಲ್ ತಾಣದಲ್ಲಿ ಹೊರರಾಜ್ಯದ ಎಲ್‌ಎಲ್‌ಸಿಯ ನೋಂದಣಿ ಸಲ್ಲಿಸಿ. ಅದೇ ಎಲ್‌ಎಲ್‌ಸಿ-5 ಫಾರ್ಮ್, ಶುಲ್ಕ 70 ಡಾಲರ್. ಪ್ರಮಾಣಪತ್ರ ಆರು ತಿಂಗಳಿಗಿಂತ ಹಳೆಯದಾಗಿರಬಾರದು. ಕಂಪನಿಯ ಹೆಸರು ಪ್ರಮಾಣಪತ್ರದಲ್ಲಿ ಹೇಗಿದೆಯೋ ಅಕ್ಷರಶಃ ಹಾಗೆಯೇ ಇರಬೇಕು. ಒಂದು ಅಲ್ಪವಿರಾಮ ಹೆಚ್ಚುಕಡಿಮೆಯಾದರೂ ಅರ್ಜಿ ವಾಪಸ್ ಬರಬಹುದು. ಆ ಹೆಸರನ್ನು ಇಲ್ಲಿ ಬೇರೆಯವರು ಆಗಲೇ ಹಿಡಿದಿದ್ದರೆ ಕ್ಯಾಲಿಫೋರ್ನಿಯಾದ ಮಟ್ಟಿಗೆ ಬದಲಿ ಹೆಸರು ಕೊಡಬೇಕಾಗುತ್ತದೆ.

ಈ ಕೆಲಸವನ್ನು ಜೂನ್ ನಂತರಕ್ಕೆ ತಳ್ಳಬೇಡಿ. ಜೂನ್ 1ರ ತೆರಿಗೆ ಬಾಕಿ ಉಳಿದರೆ ಡೆಲವೇರ್ ಗುಡ್ ಸ್ಟ್ಯಾಂಡಿಂಗ್ ಕೊಡುವುದಿಲ್ಲ, ಅದಿಲ್ಲದೆ ಎಲ್‌ಎಲ್‌ಸಿ-5 ಹೋಗುವುದಿಲ್ಲ. ಒಂದು ರಾಜ್ಯದ 300 ಡಾಲರ್ ಬಾಕಿ ಇನ್ನೊಂದು ರಾಜ್ಯದ ಬಾಗಿಲು ಮುಚ್ಚಿಸುತ್ತದೆ.

ನೋಂದಣಿಯಾದ 90 ದಿನದೊಳಗೆ ಸ್ಟೇಟ್‌ಮೆಂಟ್ ಆಫ್ ಇನ್‌ಫರ್ಮೇಶನ್ ಸಲ್ಲಿಸಬೇಕು, ಅಂದರೆ ಎಲ್‌ಎಲ್‌ಸಿ-12, ಶುಲ್ಕ 20 ಡಾಲರ್. ವಿಳಾಸಗಳು, ಸದಸ್ಯರು ಅಥವಾ ಮ್ಯಾನೇಜರ್‌ಗಳ ಹೆಸರು, ನೋಟಿಸ್ ಸ್ವೀಕರಿಸುವ ಏಜೆಂಟ್, ವ್ಯವಹಾರದ ಬಗೆ, ಇಷ್ಟನ್ನು ಕೇಳುತ್ತಾರೆ. ಸಂಬಳದ ವಿಚಾರದಲ್ಲಿ ಸದಸ್ಯರ ಮೇಲೆ ಬಾಕಿ ಉಳಿದ ಅಂತಿಮ ತೀರ್ಪು ಇದೆಯೇ ಎಂಬ ಪ್ರಶ್ನೆಯೂ ಇದೆ. ಆಮೇಲೆ ಎರಡು ವರ್ಷಕ್ಕೊಮ್ಮೆ. ಏಪ್ರಿಲ್ 2025ರಲ್ಲಿ ನೋಂದಣಿಯಾದರೆ ಮುಂದಿನದು 2026ರ ನವೆಂಬರ್‌ನಿಂದ 2027ರ ಏಪ್ರಿಲ್ ಕೊನೆಯವರೆಗೆ ಯಾವಾಗ ಬೇಕಾದರೂ ಸಲ್ಲಿಸಬಹುದು. 20 ಡಾಲರಿನ ಈ ಫಾರ್ಮ್ ಮರೆತರೆ 250 ಡಾಲರ್ ದಂಡ, ವಸೂಲಿ ಮಾಡುವುದು ತೆರಿಗೆ ಮಂಡಳಿ.

ತೆರಿಗೆ ಮಂಡಳಿ ಎಂದೆನಲ್ಲ, ಅದು ಫ್ರಾಂಚೈಸ್ ಟ್ಯಾಕ್ಸ್ ಬೋರ್ಡ್, ಎಫ್‌ಟಿಬಿ. ಸೆಕ್ರೆಟರಿ ಆಫ್ ಸ್ಟೇಟ್ ಬೇರೆ, ಇದು ಬೇರೆ. ಒಂದಕ್ಕೆ ಸಲ್ಲಿಸಿದ್ದು ಇನ್ನೊಂದಕ್ಕೆ ಸಲ್ಲಿಸಿದಂತಾಗದು. ಎಫ್‌ಟಿಬಿಗೆ ಫಾರ್ಮ್ 3522ರ ಜತೆ 800 ಡಾಲರ್ ವಾರ್ಷಿಕ ತೆರಿಗೆ ಕಟ್ಟಬೇಕು. ಗಡುವು ತೆರಿಗೆ ವರ್ಷ ಆರಂಭವಾದ ನಾಲ್ಕನೇ ತಿಂಗಳ 15. ಆರಂಭದ ತಿಂಗಳೇ ಒಂದನೇ ತಿಂಗಳು. ಜನವರಿ 6ಕ್ಕೆ ವ್ಯವಹಾರ ಶುರುವಾದ ನಿಮಗೆ 2025ರ ಏಪ್ರಿಲ್ 15. ಯಾರಾದರೂ ಜೂನ್ 18ಕ್ಕೆ ಶುರು ಮಾಡಿದರೆ ಸೆಪ್ಟೆಂಬರ್ 15. ನೀವು ನೋಂದಣಿಯನ್ನು ಮೇ ತಿಂಗಳಲ್ಲಿ ಮಾಡಿಸಿದರೂ ಈ ದಿನ ಮುಂದಕ್ಕೆ ಹೋಗುವುದಿಲ್ಲ, ಎಣಿಕೆ ವ್ಯವಹಾರ ಶುರುವಾದ ದಿನದಿಂದ. ಮೊದಲ ವರ್ಷ 800 ಮಾಫಿ ಎಂದು ಹಳೆಯ ಲೇಖನಗಳಲ್ಲಿ ಓದಿದ್ದರೆ ಅದನ್ನು ಮರೆತುಬಿಡಿ. ಆ ವಿನಾಯಿತಿ 2021ರ ಜನವರಿ 1ರಿಂದ 2023ರ ಕೊನೆಯವರೆಗೆ ನೋಂದಣಿಯಾದವರಿಗೆ ಮಾತ್ರ ಇತ್ತು.

ಒಂದು ಮರುಪ್ರಶ್ನೆ: ಡಿಸೆಂಬರ್ 2024ರಲ್ಲಿ ಬ್ಯಾಂಕ್ ಖಾತೆ ಬಿಟ್ಟು ಬೇರೇನಾದರೂ ನಡೆಯಿತೇ? ಬಿಲ್, ಮುಂಗಡ, ಗ್ರಾಹಕರಿಗೆ ಕೆಲಸದ ಪ್ರಸ್ತಾವ?

ಶಶಿ_ಸನ್ನಿವೇಲ್

ರಾಘು ಸರ್, ಬಹಳ ಸ್ಪಷ್ಟವಾಯಿತು. ಡಿಸೆಂಬರ್‌ನಲ್ಲಿ ಇಐಎನ್, ಬ್ಯಾಂಕ್ ಖಾತೆ, ಅದಕ್ಕೆ ನಾವೇ ಹಾಕಿದ 500 ಡಾಲರ್, ಅಷ್ಟೇ. ಬಿಲ್ ಇಲ್ಲ, ಪ್ರಸ್ತಾವ ಇಲ್ಲ. ಇನ್ನೊಂದು ಸಂದೇಹ: 2.5 ಲಕ್ಷ ದಾಟಿದರೆ 800ರ ಮೇಲೆ ಇನ್ನೂ 900 ಕಟ್ಟಬೇಕು ಎನ್ನುತ್ತಾರೆ. ನಮ್ಮದು 3.1 ಲಕ್ಷ.

ವಸುಧಾ_ತೆರಿಗೆ

ಈ 900ರ ವಿಷಯ ನಾನು ಹೇಳುತ್ತೇನೆ, ಏಕೆಂದರೆ ಇಲ್ಲಿ ಅಗತ್ಯವಿಲ್ಲದೆ ಹಣ ಕಟ್ಟುವವರೇ ಹೆಚ್ಚು.

800 ಡಾಲರ್ ವಾರ್ಷಿಕ ತೆರಿಗೆ. ಅದರ ಹೊರತಾಗಿ ಎಲ್‌ಎಲ್‌ಸಿ ಶುಲ್ಕ ಎಂದು ಇನ್ನೊಂದಿದೆ. ಒಟ್ಟು ಆದಾಯ 2.5 ಲಕ್ಷ ಡಾಲರ್ ಮುಟ್ಟಿದರೆ 900, 5 ಲಕ್ಷಕ್ಕೆ 2,500, 10 ಲಕ್ಷಕ್ಕೆ 6,000, 50 ಲಕ್ಷ ಮತ್ತು ಮೇಲ್ಪಟ್ಟು 11,790. ಇದು ಲಾಭದ ಮೇಲಲ್ಲ, ಖರ್ಚು ಕಳೆಯುವ ಮುಂಚಿನ ಮೊತ್ತದ ಮೇಲೆ. ವರ್ಷವಿಡೀ ನಷ್ಟವಾಗಿದ್ದರೂ ಕಟ್ಟಬೇಕು.

ಆದರೆ ಕಾನೂನು ಕೇಳುವುದು ಕ್ಯಾಲಿಫೋರ್ನಿಯಾಕ್ಕೆ ಸೇರುವ ಒಟ್ಟು ಆದಾಯವನ್ನು, ಜಗತ್ತಿನ ಎಲ್ಲ ಆದಾಯವನ್ನಲ್ಲ. ಸೇವೆಯಾದರೆ ಅದರ ಪ್ರಯೋಜನ ಗ್ರಾಹಕರಿಗೆ ಎಲ್ಲಿ ಸಿಕ್ಕಿತೋ ಆ ರಾಜ್ಯಕ್ಕೆ ಆ ಬಿಲ್ ಸೇರುತ್ತದೆ. ನೀವು ಎಲ್ಲಿ ಕುಳಿತು ಕೋಡ್ ಬರೆದಿರಿ ಎಂಬುದರ ಮೇಲಲ್ಲ. ನಿಮ್ಮ ಟೆಕ್ಸಸ್ ಗ್ರಾಹಕರು ಆ ಸಾಫ್ಟ್‌ವೇರನ್ನು ಟೆಕ್ಸಸ್‌ನಲ್ಲಿಯೇ ಬಳಸುತ್ತಿದ್ದರೆ ಆ 1.3 ಲಕ್ಷ ಈ ಲೆಕ್ಕಕ್ಕೆ ಬರುವುದಿಲ್ಲ. ಉಳಿದದ್ದು 1.8 ಲಕ್ಷ, 2.5 ಲಕ್ಷಕ್ಕಿಂತ ಕೆಳಗೆ, ಆದ್ದರಿಂದ ಎಲ್‌ಎಲ್‌ಸಿ ಶುಲ್ಕ ಸೊನ್ನೆ. ಎಲ್‌ಎಲ್‌ಸಿ ಎಫ್‌ಟಿಬಿಗೆ ಸಲ್ಲಿಸುವ ವಾರ್ಷಿಕ ರಿಟರ್ನ್, ಅಂದರೆ ಫಾರ್ಮ್ 568ರ ಜತೆ ಬರುವ ಶೆಡ್ಯೂಲ್ ಐಡಬ್ಲ್ಯೂ ಈ ಲೆಕ್ಕ ಹಾಕಲೆಂದೇ ಇರುವ ಹಾಳೆ. ಅನೇಕ ಸಾಫ್ಟ್‌ವೇರ್‌ಗಳು ಒಟ್ಟು ಬಿಲ್ಲಿನ ಮೊತ್ತವನ್ನೇ ಅಲ್ಲಿಗೆ ತಂದು ಕೂರಿಸುತ್ತವೆ, ಕೈಯಿಂದ ತಿದ್ದಬೇಕು. ಕರಾರಿನಲ್ಲಿ ಸೇವೆ ಎಲ್ಲಿ ಬಳಕೆಯಾಗುತ್ತದೆ ಎಂದು ಒಂದು ಸಾಲು ಬರೆಸಿಡಿ. ಬಿಲ್ ಹೋಗುವ ವಿಳಾಸ ಟೆಕ್ಸಸ್‌ನದ್ದು ಎಂಬುದಷ್ಟೇ ಸಾಕ್ಷಿಯಾಗದು, ಮುಖ್ಯ ಕಚೇರಿ ಡಲ್ಲಾಸ್‌ನಲ್ಲಿದ್ದು ಬಳಸುವ ತಂಡ ಕ್ಯಾಲಿಫೋರ್ನಿಯಾದ ಫ್ರೀಮಾಂಟ್‌ನಲ್ಲಿದ್ದರೆ ಉತ್ತರ ತಿರುಗುತ್ತದೆ.

ಶುಲ್ಕ ಬರುವಂತಿದ್ದರೆ ಅದನ್ನು ಅಂದಾಜು ಮಾಡಿ ಫಾರ್ಮ್ 3536ರಲ್ಲಿ ಆರನೇ ತಿಂಗಳ 15ರೊಳಗೆ, ಅಂದರೆ ಜೂನ್ ಮಧ್ಯಕ್ಕೆ, ಮುಂಗಡವಾಗಿ ಕಟ್ಟಬೇಕು. ಕಡಿಮೆ ಕಟ್ಟಿದರೆ ಕೊರತೆಯ ಶೇ. 10 ದಂಡ. ಹಿಂದಿನ ವರ್ಷದ ಶುಲ್ಕದಷ್ಟು ಕಟ್ಟಿದ್ದರೆ ಆ ದಂಡ ಇಲ್ಲ.

2024ರ ಬಗ್ಗೆ: ಖಾತೆ ತೆರೆದು ನಿಮ್ಮದೇ ಹಣ ಹಾಕಿದ್ದು ಮಾತ್ರವಾದರೆ ಕ್ಯಾಲಿಫೋರ್ನಿಯಾದಲ್ಲಿ ವ್ಯವಹಾರ ಶುರುವಾಗಿದ್ದು ಜನವರಿಯಲ್ಲಿ ಎಂದು ಹೇಳಲು ನಿಮಗೆ ಗಟ್ಟಿ ಆಧಾರ ಇದೆ. ಸಹಿ ಹಾಕಿದ ಕರಾರು, ಮೊದಲ ಬಿಲ್, ಡಿಸೆಂಬರ್‌ನ ಬ್ಯಾಂಕ್ ಸ್ಟೇಟ್‌ಮೆಂಟ್ ಮೂರನ್ನೂ ಒಂದೇ ಕಡತದಲ್ಲಿಡಿ. ಮುಂದೆ ಎಫ್‌ಟಿಬಿ 2024ರ ರಿಟರ್ನ್ ಎಲ್ಲಿ ಎಂದು ಕೇಳಿದರೆ ಇವೇ ಉತ್ತರ.

ಇನ್ನು ನಿಮ್ಮ ಸಿಪಿಎ ಹತ್ತಿರ ಇವತ್ತೇ ಕೇಳಬೇಕಾದ ಪ್ರಶ್ನೆ ಒಂದಿದೆ: ನಿಮ್ಮ ಎಲ್‌ಎಲ್‌ಸಿಯನ್ನು ಪಾಲುದಾರಿಕೆ ಎಂದು ತೋರಿಸುತ್ತಾರೋ, ಸದಸ್ಯರಿಂದ ಬೇರೆಯಲ್ಲದ ಘಟಕ ಎಂದು ತೋರಿಸುತ್ತಾರೋ? ಇಬ್ಬರು ಸದಸ್ಯರಿದ್ದರೆ ಸಹಜವಾಗಿ ಪಾಲುದಾರಿಕೆ, ಫೆಡರಲ್‌ಗೆ ಫಾರ್ಮ್ 1065. ಆದರೆ ಕ್ಯಾಲಿಫೋರ್ನಿಯಾ, ಟೆಕ್ಸಸ್ ಎರಡೂ ದಂಪತಿಯ ಆಸ್ತಿಯನ್ನು ಜಂಟಿ ಆಸ್ತಿ ಎಂದು ಪರಿಗಣಿಸುವ ರಾಜ್ಯಗಳು. ಅಂಥ ರಾಜ್ಯದಲ್ಲಿ ಗಂಡ ಹೆಂಡತಿ ಇಬ್ಬರೇ ಜಂಟಿ ಆಸ್ತಿಯಾಗಿ ಹೊಂದಿದ ಎಲ್‌ಎಲ್‌ಸಿಯನ್ನು ಬೇರೆಯಲ್ಲದ ಘಟಕ ಎಂದು ತೋರಿಸಲು ಫೆಡರಲ್ ತೆರಿಗೆ ಇಲಾಖೆಯಾದ ಐಆರ್‌ಎಸ್‌ನ 2002-69 ಸಂಖ್ಯೆಯ ರೆವೆನ್ಯೂ ಪ್ರೊಸೀಜರ್ ಅವಕಾಶ ಕೊಡುತ್ತದೆ. ಕ್ಯಾಲಿಫೋರ್ನಿಯಾ ಫೆಡರಲ್ ವರ್ಗೀಕರಣವನ್ನೇ ಅನುಸರಿಸುತ್ತದೆ. ಪಾಲುದಾರಿಕೆಯಾದರೆ ಫಾರ್ಮ್ 568ರ ಗಡುವು ಮಾರ್ಚ್ 15, ಇಲ್ಲವಾದರೆ ಏಪ್ರಿಲ್ 15. ಪಾಲುದಾರಿಕೆಯ ರಿಟರ್ನ್ ತಡವಾದರೆ ಕ್ಯಾಲಿಫೋರ್ನಿಯಾದಲ್ಲಿ ಪ್ರತಿ ಸದಸ್ಯರಿಗೆ ತಿಂಗಳಿಗೆ 18 ಡಾಲರ್, 12 ತಿಂಗಳವರೆಗೆ. ಎರಡರಲ್ಲಿ ಯಾವುದೇ ಆದರೂ 568 ತಪ್ಪುವುದಿಲ್ಲ, 800 ತಪ್ಪುವುದಿಲ್ಲ. ಸಮಯ ವಿಸ್ತರಣೆ ತಾನಾಗಿಯೇ ಸಿಗುತ್ತದೆ, ಆದರೆ ಅದು ರಿಟರ್ನ್ ಸಲ್ಲಿಸಲು ಮಾತ್ರ, ಹಣ ಕಟ್ಟಲು ಅಲ್ಲ.

ಲೆಕ್ಕದ_ರಾಘು

ವಸುಧಾ ಮೇಡಂ ಹೇಳಿದ್ದಕ್ಕೆ ಸೇರಿಸುವುದು ಸ್ವಲ್ಪ. 800 ತಡವಾದರೆ ಬಾಕಿಯ ಶೇ. 5, ಜತೆಗೆ ತಿಂಗಳಿಗೆ ಶೇ. 0.5 ದಂಡ, ಮೇಲೆ ಬಡ್ಡಿ. ಇದು ದೊಡ್ಡ ಮೊತ್ತವಲ್ಲ. ದೊಡ್ಡದು ಇನ್ನೆರಡು. ನೋಂದಣಿ ಇಲ್ಲದೆ ವ್ಯವಹಾರ ಮಾಡುವ ಹೊರರಾಜ್ಯದ ಎಲ್‌ಎಲ್‌ಸಿ, ಎಫ್‌ಟಿಬಿ ನೋಟಿಸ್ ಕೊಟ್ಟ ಮೇಲೂ ರಿಟರ್ನ್ ಸಲ್ಲಿಸದಿದ್ದರೆ ವರ್ಷಕ್ಕೆ 2,000 ಡಾಲರ್ ದಂಡ. ಮತ್ತು ಗ್ರಾಹಕರು ಹಣ ಕೊಡದೆ ಸತಾಯಿಸಿದರೆ ನೋಂದಣಿಯಾಗುವವರೆಗೆ ಕ್ಯಾಲಿಫೋರ್ನಿಯಾದ ನ್ಯಾಯಾಲಯದಲ್ಲಿ ದಾವೆ ನಡೆಸಲು ಆಗುವುದಿಲ್ಲ. ನೋಂದಣಿಯಾಗಿ, ಆಮೇಲೆ ತೆರಿಗೆ ಕಟ್ಟದೆ ಹಕ್ಕು ಕಳೆದುಕೊಂಡ ಕಂಪನಿಯ ಸ್ಥಿತಿ ಇನ್ನೂ ಕಷ್ಟ, ಆ ಅವಧಿಯ ಕರಾರನ್ನು ಎದುರು ಪಕ್ಷದವರು ರದ್ದುಪಡಿಸಲು ಕೋರಬಹುದು. 1.8 ಲಕ್ಷದ ಕರಾರು ಕೈಯಲ್ಲಿರುವವರಿಗೆ ದಂಡಕ್ಕಿಂತ ಇದೇ ದೊಡ್ಡ ಅಪಾಯ.

ಕ್ಯಾಲಿಫೋರ್ನಿಯಾದ ಏಜೆಂಟ್ ಆಗಿ ನೀವೇ ನಿಮ್ಮ ಹೆಸರು ಕೊಡಬಹುದು, ರಾಜ್ಯದಲ್ಲಿ ವಾಸವಿದ್ದು ರಸ್ತೆ ವಿಳಾಸ ಇದ್ದರೆ ಸಾಕು. ಪಿಒ ಬಾಕ್ಸ್ ನಡೆಯದು. ಆದರೆ ಆ ವಿಳಾಸ ಎಲ್ಲರಿಗೂ ಕಾಣುವ ದಾಖಲೆಯಾಗುತ್ತದೆ. ಮತ್ತು ಆಗಸ್ಟ್‌ನಲ್ಲಿ ನೀವು ಹೊರಟುಬಿಟ್ಟರೆ ಏಜೆಂಟ್ ಸ್ಥಾನ ಖಾಲಿಯಾದಂತೆ. ಕೋರ್ಟ್ ಸಮನ್ಸ್ ಹಳೆಯ ಮನೆಗೆ ಹೋಗಿ, ನಿಮಗೆ ತಿಳಿಯುವ ಮೊದಲೇ ಏಕಪಕ್ಷೀಯ ತೀರ್ಪು ಬರಬಹುದು. ನಿಮ್ಮ ಸಂದರ್ಭದಲ್ಲಿ ಮೊದಲಿನಿಂದಲೇ ಏಜೆಂಟ್ ಕಂಪನಿಯೊಂದನ್ನು ಗೊತ್ತು ಮಾಡುವುದು ಮೇಲು.

ನಗರದ ಬಿಸಿನೆಸ್ ಲೈಸೆನ್ಸ್ ಬೇರೆಯೇ ವಿಷಯ, ಮನೆಯಿಂದ ಕೆಲಸ ಮಾಡಿದರೂ ಹಲವು ನಗರಗಳು ಕೇಳುತ್ತವೆ. ಸನ್ನಿವೇಲ್ ನಗರದ ತಾಣದಲ್ಲಿ ನೋಡಿಕೊಳ್ಳಿ.

ಆಸ್ಟಿನ್_ಗಿರೀಶ

ಆಗಸ್ಟ್ ನಂತರದ ಭಾಗ ನಾನು ಹೇಳುತ್ತೇನೆ.

ಆಸ್ಟಿನ್‌ಗೆ ಬಂದು ಇಲ್ಲಿಂದ ಕಂಪನಿ ನಡೆಸಿದರೆ ಟೆಕ್ಸಸ್‌ನಲ್ಲಿ ನೋಂದಾಯಿಸಬೇಕು. ಹೊರರಾಜ್ಯದ ಎಲ್‌ಎಲ್‌ಸಿಗೆ ಫಾರ್ಮ್ 304, ಶುಲ್ಕ 750 ಡಾಲರ್. 90 ದಿನಕ್ಕಿಂತ ಹೆಚ್ಚು ನೋಂದಣಿಯಿಲ್ಲದೆ ನಡೆಸಿದರೆ ವರ್ಷಕ್ಕೊಂದರಂತೆ ಅಷ್ಟೇ ಮೊತ್ತದ ತಡಶುಲ್ಕ ಸೇರುತ್ತದೆ. ಆದರೆ ಟೆಕ್ಸಸ್‌ನಲ್ಲೇ ಹೊಸ ಎಲ್‌ಎಲ್‌ಸಿಯ ಶುಲ್ಕ 300 ಮಾತ್ರ. ಆದ್ದರಿಂದ ಟೆಕ್ಸಸ್‌ನಲ್ಲೇ ನೆಲೆಸುವುದು ಖಚಿತವಾದರೆ ಡೆಲವೇರ್ ಎಲ್‌ಎಲ್‌ಸಿಯನ್ನು ಟೆಕ್ಸಸ್ ಎಲ್‌ಎಲ್‌ಸಿಯಾಗಿ ಪರಿವರ್ತಿಸುವ ದಾರಿ ನೋಡಿ. ಕಂಪನಿ ಅದೇ ಮುಂದುವರಿಯುತ್ತದೆ, ಇಐಎನ್ ಸಾಮಾನ್ಯವಾಗಿ ಬದಲಾಗುವುದಿಲ್ಲ, ವರ್ಷವರ್ಷ ಡೆಲವೇರ್‌ನ 300 ಮತ್ತು ಅಲ್ಲಿನ ಏಜೆಂಟ್ ಶುಲ್ಕ ನಿಲ್ಲುತ್ತದೆ. ಹೂಡಿಕೆದಾರರಿಲ್ಲದ ಇಬ್ಬರ ಕನ್ಸಲ್ಟಿಂಗ್ ಕಂಪನಿಗೆ ಡೆಲವೇರ್‌ನಿಂದ ಸಿಗುವ ಲಾಭ ನನಗಂತೂ ಕಾಣದು. ಕ್ಯಾಲಿಫೋರ್ನಿಯಾದಲ್ಲಿ ಡೆಲವೇರ್ ಹೆಸರಲ್ಲಿ ಆದ ನೋಂದಣಿಯನ್ನು ಪರಿವರ್ತನೆಯ ಜತೆಯಲ್ಲೇ ಸರಿಪಡಿಸಬೇಕು, ಅದನ್ನು ಬಿಡಬೇಡಿ.

ಟೆಕ್ಸಸ್‌ನ ವಾರ್ಷಿಕ ಕೆಲಸ ರಾಜ್ಯದ ತೆರಿಗೆ ನೋಡುವ ಕಂಪ್ಟ್ರೋಲರ್ ಕಚೇರಿಗೆ, ಗಡುವು ಮೇ 15. ಆದಾಯ 24.7 ಲಕ್ಷ ಡಾಲರ್ ಒಳಗಿದ್ದರೆ (2024 ಮತ್ತು 2025ರ ವರದಿಗಳ ಮಿತಿ ಇದು) ಫ್ರಾಂಚೈಸ್ ತೆರಿಗೆ ಇಲ್ಲ, ಮೊದಲು ಕೊಡಬೇಕಿದ್ದ ತೆರಿಗೆ ಬಾಕಿಯಿಲ್ಲ ಎಂಬ ವರದಿಯನ್ನೂ 2024ರಿಂದ ಕೈಬಿಟ್ಟಿದ್ದಾರೆ. ಇದನ್ನೇ ಕೇಳಿ "ಟೆಕ್ಸಸ್‌ಗೆ ಏನೂ ಸಲ್ಲಿಸಬೇಕಿಲ್ಲ" ಎಂದುಕೊಂಡವರು ಸಿಕ್ಕಿಬೀಳುತ್ತಾರೆ. ಪಬ್ಲಿಕ್ ಇನ್‌ಫರ್ಮೇಶನ್ ರಿಪೋರ್ಟ್, ಫಾರ್ಮ್ 05-102, ಈಗಲೂ ಕಡ್ಡಾಯ. ಅದು ಹೋಗದಿದ್ದರೆ ವ್ಯವಹಾರ ನಡೆಸುವ ಹಕ್ಕನ್ನೇ ಕಸಿಯುತ್ತಾರೆ. ಆಮೇಲೆ ಆಗುವ ಸಾಲಗಳಿಗೆ ಕಂಪನಿ ನಡೆಸುವವರು ವೈಯಕ್ತಿಕವಾಗಿ ಹೊಣೆಯಾಗಬಹುದು. ಎಲ್‌ಎಲ್‌ಸಿ ಮಾಡಿಕೊಂಡ ಉದ್ದೇಶವೇ ಅಲ್ಲಿಗೆ ಹೋಯಿತು. ಕಂಪ್ಟ್ರೋಲರ್ ಕಚೇರಿಯ ವೆಬ್‌ಫೈಲ್ ತಾಣದಲ್ಲಿ ಸಲ್ಲಿಸಲು ಎಕ್ಸ್‌ಟಿ ಎಂದು ಶುರುವಾಗುವ ಸಂಖ್ಯೆ ಬೇಕು, ಕಂಪ್ಟ್ರೋಲರ್ ಅದನ್ನು ಅಂಚೆಯಲ್ಲಿ ಕಳಿಸುತ್ತಾರೆ. ಆ ಪತ್ರ ಎಸೆಯಬೇಡಿ.

ಮಾರಾಟ ತೆರಿಗೆಯ ಒಂದು ಎಚ್ಚರಿಕೆ: ಟೆಕ್ಸಸ್‌ನಲ್ಲಿ ಡೇಟಾ ಪ್ರೊಸೆಸಿಂಗ್ ಸೇವೆಗೆ ಸೇಲ್ಸ್ ಟ್ಯಾಕ್ಸ್ ಇದೆ, ಬೆಲೆಯ ಶೇ. 20ಕ್ಕೆ ವಿನಾಯಿತಿ, ಉಳಿದ ಶೇ. 80ಕ್ಕೆ ತೆರಿಗೆ. ಶುದ್ಧ ಸಲಹೆ ಕೊಡುವುದು ಬೇರೆ, ಗ್ರಾಹಕರ ಡೇಟಾವನ್ನು ನಿಮ್ಮ ವ್ಯವಸ್ಥೆಯಲ್ಲಿ ಸಂಸ್ಕರಿಸಿ ಕೊಡುವುದು ಬೇರೆ. ನಿಮ್ಮ ಕರಾರಿನಲ್ಲಿ ಯಾವುದಿದೆ ನೋಡಿ.

ಶಶಿ_ಸನ್ನಿವೇಲ್

ಗಿರೀಶ್ ಅವರೇ, ಧನ್ಯವಾದ. ಹಾಗಾದರೆ ಆಗಸ್ಟ್‌ನಲ್ಲಿ ಮನೆ ಖಾಲಿ ಮಾಡಿದ ಕೂಡಲೇ ಕ್ಯಾಲಿಫೋರ್ನಿಯಾದ ನೋಂದಣಿ ರದ್ದು ಮಾಡಿಸಿದರೆ 2026ರ 800 ಉಳಿಯುತ್ತದೆ ಅಲ್ಲವೇ? ಸ್ಯಾನ್ ಹೋಸೆಯ ಗ್ರಾಹಕರು ಮಾತ್ರ ಮುಂದುವರಿಯುತ್ತಾರೆ.

ವಸುಧಾ_ತೆರಿಗೆ

ಆ ಗ್ರಾಹಕರು ಮುಂದುವರಿದರೆ ಉಳಿಯುವುದಿಲ್ಲ. ಮನೆ, ಕಚೇರಿ, ಜನ ಯಾವುದೂ ಕ್ಯಾಲಿಫೋರ್ನಿಯಾದಲ್ಲಿ ಇಲ್ಲದಿದ್ದರೂ ಮಾರಾಟದ ಲೆಕ್ಕದಿಂದಲೇ ಅಲ್ಲಿ ವ್ಯವಹಾರ ನಡೆಸಿದಂತೆ ಆಗಬಹುದು. ಪ್ರತಿ ವರ್ಷ ಏರುವ ಒಂದು ಮಿತಿ ಇದೆ, 2024ಕ್ಕೆ ಅದು 7,35,019 ಡಾಲರ್. ಎಲ್ಲರೂ ಈ ದೊಡ್ಡ ಸಂಖ್ಯೆ ನೋಡಿ ನಿರಾಳವಾಗುತ್ತಾರೆ. ಆದರೆ ನಿಯಮ ಹೇಳುವುದು ಆ ಮೊತ್ತ ಅಥವಾ ನಿಮ್ಮ ಒಟ್ಟು ಮಾರಾಟದ ಶೇ. 25, ಎರಡರಲ್ಲಿ ಯಾವುದು ಕಡಿಮೆಯೋ ಅದು. ನಿಮ್ಮ 3.1 ಲಕ್ಷದ ಶೇ. 25 ಅಂದರೆ 77,500. ಸ್ಯಾನ್ ಹೋಸೆಯಿಂದ ಬರುವುದು 1.8 ಲಕ್ಷ, ಶೇ. 58ರಷ್ಟು. ಆದ್ದರಿಂದ 2026ರಲ್ಲೂ ಇದೇ ಪ್ರಮಾಣ ಇದ್ದರೆ ಕ್ಯಾಲಿಫೋರ್ನಿಯಾದ 800 ಮತ್ತು ಫಾರ್ಮ್ 568 ಮುಂದುವರಿಯುತ್ತವೆ. ಎಲ್‌ಎಲ್‌ಸಿ ಶುಲ್ಕದ ಲೆಕ್ಕದಲ್ಲಿ ನಿಮಗೆ ಅನುಕೂಲವಾದ ಅದೇ ನಿಯಮ, ಸೇವೆ ಬಳಕೆಯಾದ ಕಡೆಗೆ ಆದಾಯ ಸೇರುವ ನಿಯಮ, ಇಲ್ಲಿ ನಿಮಗೆ ವಿರುದ್ಧವಾಗಿ ನಿಲ್ಲುತ್ತದೆ.

ನೀವಿಬ್ಬರೂ ಆಗ ಟೆಕ್ಸಸ್ ನಿವಾಸಿಗಳು. ಹಾಗಾಗಿ ವೈಯಕ್ತಿಕವಾಗಿಯೂ ಕ್ಯಾಲಿಫೋರ್ನಿಯಾ ಮೂಲದ ಆದಾಯಕ್ಕೆ ಹೊರರಾಜ್ಯದವರ ರಿಟರ್ನ್ ಆದ 540ಎನ್‌ಆರ್ ಸಲ್ಲಿಸಬೇಕಾಗುತ್ತದೆ. ಪಾಲುದಾರಿಕೆ ಎಂದು ತೋರಿಸಿದ್ದರೆ ಹೊರರಾಜ್ಯದ ಸದಸ್ಯರ ಒಪ್ಪಿಗೆ ಪತ್ರ, ಫಾರ್ಮ್ 3832, ಸಹಿ ಮಾಡಿ 568ರ ಜತೆ ಇಡಬೇಕು. ಅದಿಲ್ಲದಿದ್ದರೆ ಆ ಸದಸ್ಯರ ಪಾಲಿನ ತೆರಿಗೆಯನ್ನು ಎಲ್‌ಎಲ್‌ಸಿಯೇ ಕಟ್ಟಬೇಕಾಗುತ್ತದೆ.

ಮುಂದೆ ಕ್ಯಾಲಿಫೋರ್ನಿಯಾ ಗ್ರಾಹಕರು ನಿಜವಾಗಿಯೂ ಮುಗಿದಾಗ ಮುಚ್ಚುವ ಕ್ರಮ ಹೀಗೆ: ಆ ವರ್ಷದ ಡಿಸೆಂಬರ್ 31ರೊಳಗೆ ಅಲ್ಲಿನ ವ್ಯವಹಾರ ನಿಲ್ಲಿಸಿ, ಆ ವರ್ಷದ 568ರಲ್ಲಿ ಅಂತಿಮ ರಿಟರ್ನ್ ಎಂಬ ಚೌಕ ಗುರುತಿಸಿ ಗಡುವಿನೊಳಗೆ ಸಲ್ಲಿಸಿ. ಆ ರಿಟರ್ನ್ ಸಲ್ಲಿಸಿದ 12 ತಿಂಗಳೊಳಗೆ ಸೆಕ್ರೆಟರಿ ಆಫ್ ಸ್ಟೇಟ್‌ಗೆ ರದ್ದತಿಯ ಫಾರ್ಮ್ ಎಲ್‌ಎಲ್‌ಸಿ-4/7 ಹಾಕಿ, ಅದಕ್ಕೆ ಶುಲ್ಕ ಇಲ್ಲ. ಅಂತಿಮ ರಿಟರ್ನ್ ಕೊಟ್ಟು ರದ್ದತಿ ಮರೆತವರಿಗೆ ವರ್ಷ ವರ್ಷ 800 ಬೆಳೆಯುತ್ತಲೇ ಇರುತ್ತದೆ, ಕಂಪನಿಯಲ್ಲಿ ಒಂದು ಡಾಲರ್ ವಹಿವಾಟು ಇಲ್ಲದಿದ್ದರೂ.

ಎಡಿಸನ್_ಮಾಲತಿ

ಬೇರೆ ರಾಜ್ಯದಲ್ಲಿರುವ ಓದುಗರಿಗಾಗಿ ಸ್ವಲ್ಪ ಸೇರಿಸುತ್ತೇನೆ. ನ್ಯೂಜೆರ್ಸಿಯಲ್ಲಿ ವಾರ್ಷಿಕ ವರದಿ 75 ಡಾಲರ್, ನೋಂದಣಿಯಾದ ತಿಂಗಳ ಕೊನೆಯ ದಿನ ಗಡುವು. ಹಡ್ಸನ್ ನದಿ ದಾಟಿದರೆ ನ್ಯೂಯಾರ್ಕ್‌ನಲ್ಲಿ ಎರಡು ವರ್ಷಕ್ಕೊಮ್ಮೆ 9 ಡಾಲರ್ ಹೇಳಿಕೆ ಮಾತ್ರ. ಅಷ್ಟು ಅಗ್ಗ ಎಂದು ಹೋದವರು ಪ್ರಕಟಣೆಯ ನಿಯಮಕ್ಕೆ ಸಿಕ್ಕಿಕೊಳ್ಳುತ್ತಾರೆ: ನೋಂದಣಿಯಾದ 120 ದಿನದೊಳಗೆ ಎರಡು ಪತ್ರಿಕೆಗಳಲ್ಲಿ, ಒಂದು ದೈನಿಕ, ಒಂದು ವಾರಪತ್ರಿಕೆ, ಸತತ ಆರು ವಾರ ಜಾಹೀರಾತು ಹಾಕಿಸಿ, ಆಮೇಲೆ 50 ಡಾಲರ್ ಕಟ್ಟಿ ಪ್ರಮಾಣಪತ್ರ ಸಲ್ಲಿಸಬೇಕು. ಪತ್ರಿಕೆಗಳನ್ನು ಗೊತ್ತು ಮಾಡುವುದು ಕೌಂಟಿ ಕ್ಲರ್ಕ್. ಕಂಪನಿಯ ಕಚೇರಿ ಯಾವ ಕೌಂಟಿಯಲ್ಲಿದೆ ಎಂಬುದರ ಮೇಲೆ ಖರ್ಚು ಬಹಳ ಬದಲಾಗುತ್ತದೆ, ಮ್ಯಾನ್‌ಹಟನ್‌ನಲ್ಲಿ ದುಬಾರಿ, ಆಲ್ಬನಿಯಲ್ಲಿ ಅಗ್ಗ. ಇದಲ್ಲದೆ ಐಟಿ-204-ಎಲ್‌ಎಲ್ ಎಂಬ ವಾರ್ಷಿಕ ಶುಲ್ಕದ ಫಾರ್ಮ್ ತೆರಿಗೆ ಇಲಾಖೆಗೆ, ಕನಿಷ್ಠ 25 ಡಾಲರ್.

ಫ್ಲಾರಿಡಾ ಗಡುವಿನ ವಿಷಯದಲ್ಲಿ ಕಠಿಣ. ಜನವರಿ 1ರಿಂದ ಮೇ 1ರೊಳಗೆ 138.75 ಡಾಲರ್. ಮೇ 2ಕ್ಕೆ ಸಲ್ಲಿಸಿದರೆ 400 ಡಾಲರ್ ತಡಶುಲ್ಕ, ಸೆಪ್ಟೆಂಬರ್‌ನ ಮೂರನೇ ಶುಕ್ರವಾರದವರೆಗೂ ಸಲ್ಲಿಸದಿದ್ದರೆ ನಾಲ್ಕನೇ ಶುಕ್ರವಾರ ವಿಸರ್ಜನೆ. ಪೆನ್ಸಿಲ್ವೇನಿಯಾದವರು ಗಮನಿಸಿ: ಹತ್ತು ವರ್ಷಕ್ಕೊಮ್ಮೆ ಇದ್ದ ವರದಿ ಹೋಗಿ 2025ರಿಂದ ಪ್ರತಿ ವರ್ಷದ ವರದಿ ಬಂದಿದೆ. ಎಲ್‌ಎಲ್‌ಸಿಗೆ ಗಡುವು ಸೆಪ್ಟೆಂಬರ್ 30, ಶುಲ್ಕ 7 ಡಾಲರ್.

ಫೆಡರಲ್ ಬಿಒಐ ವರದಿಯ (ಕಂಪನಿಯ ನಿಜವಾದ ಮಾಲೀಕರು ಯಾರು ಎಂದು ತಿಳಿಸುವ ವರದಿ) ಬಗ್ಗೆ 2024ರಲ್ಲಿ ಎಲ್ಲರೂ ಗಾಬರಿಯಾಗಿದ್ದರು. 2025ರ ಮಾರ್ಚ್ 21ಕ್ಕೆ ಆ ವರದಿ ಪಡೆಯುವ ಫೆಡರಲ್ ಸಂಸ್ಥೆ ಫಿನ್‌ಸೆನ್ ಹೊಸ ನಿಯಮ ಪ್ರಕಟಿಸಿ ಅಮೆರಿಕದಲ್ಲೇ ಸ್ಥಾಪನೆಯಾದ ಕಂಪನಿಗಳನ್ನು ಅದರಿಂದ ಹೊರಗಿಟ್ಟಿದೆ. ರಾಜ್ಯದ ವರದಿಗಳಿಗೂ ಇದಕ್ಕೂ ಸಂಬಂಧವಿಲ್ಲ, ಅವು ಯಥಾಪ್ರಕಾರ.

ಜಯನಗರ_4ನೇ_ಬ್ಲಾಕ್

ನಾನು ಬೆಂಗಳೂರಿನಿಂದ. ವಯೋಮಿಂಗ್‌ನಲ್ಲಿ ಒಬ್ಬನೇ ಸದಸ್ಯನಾಗಿ ಎಲ್‌ಎಲ್‌ಸಿ ಇದೆ, ಅಮೆರಿಕದಲ್ಲಿ ಜನ, ಕಚೇರಿ ಏನೂ ಇಲ್ಲ. ವರ್ಷಕ್ಕೆ 60 ಡಾಲರ್ ಕಟ್ಟಿದರೆ ಸಾಕೇ?

ಲೆಕ್ಕದ_ರಾಘು

ವಯೋಮಿಂಗ್ ರಾಜ್ಯಕ್ಕೆ ಸಂಬಂಧಪಟ್ಟಂತೆ ಹೌದು. ಆ ರಾಜ್ಯದೊಳಗಿನ ಆಸ್ತಿ 3 ಲಕ್ಷ ಡಾಲರ್ ಒಳಗಿದ್ದರೆ ಕನಿಷ್ಠ 60. ಗಡುವು ನೋಂದಣಿಯಾದ ತಿಂಗಳ 1ನೇ ತಾರೀಖು, ಕೊನೆಯ ದಿನವಲ್ಲ. 60 ದಿನ ತಡವಾದರೆ ವಿಸರ್ಜಿಸುತ್ತಾರೆ. ಅಲ್ಲಿನ ಏಜೆಂಟ್ ಇರಲೇಬೇಕು.

ಆದರೆ ನಿಮಗೆ ನಿಜವಾದ ಅಪಾಯ ರಾಜ್ಯದಿಂದಲ್ಲ, ಐಆರ್‌ಎಸ್‌ನಿಂದ. ವಿದೇಶಿ ವ್ಯಕ್ತಿ ಒಬ್ಬರೇ ಹೊಂದಿದ ಎಲ್‌ಎಲ್‌ಸಿ, ತೆರಿಗೆ ಒಂದು ಪೈಸೆ ಇಲ್ಲದಿದ್ದರೂ, ಫಾರ್ಮ್ 5472 ಅನ್ನು ಹೆಸರು ವಿಳಾಸ ಮಾತ್ರ ತುಂಬಿದ ಫಾರ್ಮ್ 1120ರ ಜತೆ ಏಪ್ರಿಲ್ 15ರೊಳಗೆ ಸಲ್ಲಿಸಬೇಕು. ಆನ್‌ಲೈನ್ ಇಲ್ಲ, ಅಂಚೆ ಅಥವಾ ಫ್ಯಾಕ್ಸ್. ನೀವು ಎಲ್‌ಎಲ್‌ಸಿ ಖಾತೆಗೆ ಹಾಕಿದ ಬಂಡವಾಳ, ನಿಮ್ಮ ಜೇಬಿನಿಂದ ಕೊಟ್ಟ ನೋಂದಣಿ ಖರ್ಚು, ಎರಡೂ ಅದರಲ್ಲಿ ತೋರಿಸಬೇಕಾದ ವ್ಯವಹಾರಗಳೇ. ತಪ್ಪಿದರೆ ದಂಡ 25,000 ಡಾಲರ್. ಭಾರತದ ಕಡೆ ಐಟಿ ರಿಟರ್ನ್‌ನ ಶೆಡ್ಯೂಲ್ ಎಫ್‌ಎನಲ್ಲಿ (ವಿದೇಶಿ ಆಸ್ತಿಯ ಪಟ್ಟಿ) ಈ ಪಾಲನ್ನು ಮತ್ತು ಅಮೆರಿಕದ ಬ್ಯಾಂಕ್ ಖಾತೆಯನ್ನು ತೋರಿಸಿ, ಅಲ್ಲಿ ಲೆಕ್ಕ ಡಿಸೆಂಬರ್ 31ಕ್ಕೆ ಮುಗಿಯುವ ಕ್ಯಾಲೆಂಡರ್ ವರ್ಷದ್ದು. ಹೊರದೇಶದ ಹೂಡಿಕೆಗೆ ಫೆಮಾ (ವಿದೇಶಿ ವಿನಿಮಯ ಕಾಯ್ದೆ) ಕೇಳುವ ಕಾಗದಗಳನ್ನು ನಿಮ್ಮ ಬ್ಯಾಂಕಿನ ಮೂಲಕ ಸರಿಮಾಡಿಕೊಳ್ಳಿ, ಇದಕ್ಕೆ ಬೆಂಗಳೂರಿನ ಸಿಎ ಒಬ್ಬರನ್ನು ಕಾಣುವುದೇ ಸರಿ.

ಶಶಿ_ಸನ್ನಿವೇಲ್

ಗುಡ್ ಸ್ಟ್ಯಾಂಡಿಂಗ್‌ಗೆ ಇವತ್ತೇ ಅರ್ಜಿ ಹಾಕಿದೆ. ಕೊನೆಯದೊಂದು: ನೋಂದಣಿಯಾದ ಮೇಲೆ ಸರ್ಕಾರದ್ದೇ ಎನ್ನುವಂಥ ಪತ್ರಗಳು ಬರುತ್ತವೆ, ನೂರಾರು ಡಾಲರ್ ಕೇಳುತ್ತಾರೆ ಎನ್ನುತ್ತಾರೆ. ಗುರುತಿಸುವುದು ಹೇಗೆ?

ಎಡಿಸನ್_ಮಾಲತಿ

ಖಂಡಿತ ಬರುತ್ತವೆ, ನೋಂದಣಿಯ ದಾಖಲೆ ಎಲ್ಲರಿಗೂ ಸಿಗುವುದರಿಂದ. ವಾರ್ಷಿಕ ಮಿನಿಟ್ಸ್ (ಸಭೆಯ ನಡಾವಳಿ) ಬರೆದುಕೊಡುತ್ತೇವೆ, ಸ್ಟೇಟಸ್ ಪ್ರಮಾಣಪತ್ರ ತರಿಸಿಕೊಡುತ್ತೇವೆ, ಕಾರ್ಮಿಕ ಕಾನೂನಿನ ಪೋಸ್ಟರ್ ಕಡ್ಡಾಯ ಎಂದೆಲ್ಲ ಇರುತ್ತದೆ, ಮೇಲೆ ಲಾಂಛನ, ಕೆಳಗೆ ಗಡುವು. ಸಣ್ಣ ಅಕ್ಷರದಲ್ಲಿ ಎಲ್ಲೋ ಒಂದು ಕಡೆ "ಇದು ಸರ್ಕಾರಿ ಸಂಸ್ಥೆಯಲ್ಲ" ಎಂದು ಬರೆದಿರುವುದು ಸಾಮಾನ್ಯ, ಮೊದಲು ಅದನ್ನು ಹುಡುಕಿ. ಪತ್ರದಲ್ಲಿರುವ ಕ್ಯೂಆರ್ ಕೋಡ್ ಅಥವಾ ಫೋನ್ ಸಂಖ್ಯೆ ಬಳಸಬೇಡಿ. ಬಿಜ್‌ಫೈಲ್‌ಗೆ ಮತ್ತು ಎಫ್‌ಟಿಬಿ ಖಾತೆಗೆ ನೀವೇ ಲಾಗಿನ್ ಆಗಿ ಬಾಕಿ ಇದೆಯೇ ನೋಡಿ. 20 ಡಾಲರಿನ ಎಲ್‌ಎಲ್‌ಸಿ-12ಕ್ಕೆ ಯಾರಾದರೂ ನೂರು ಕೇಳಿದರೆ ಅದು ರಾಜ್ಯದ ಪತ್ರವಲ್ಲ. ಆದರೆ ಎಫ್‌ಟಿಬಿಯಿಂದ ಬಂದ ನಿಜವಾದ ನೋಟಿಸನ್ನೂ ಇದೇ ಗುಂಪಿಗೆ ಸೇರಿಸಿ ಎಸೆದವರಿದ್ದಾರೆ, ಆದ್ದರಿಂದ ಲಾಗಿನ್ ಆಗಿ ನೋಡುವವರೆಗೆ ಯಾವ ಲಕೋಟೆಯನ್ನೂ ಹರಿಯಬೇಡಿ.